ಕೂಸಿನ ಬೆನ್ನ ಮೇಲೊಂದು ವಾದ

ಸಂಸೆ
೧೪ ನವೆಂಬರ್ ೧೯೩೭, ಭಾನುವಾರ

ಮಗಳು ಪ್ರೇಮಕುಮಾರಿಗೆ ಅಪ್ಪಯ್ಯನ ಆಶೀರ್ವಾದ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಮತ್ತು ಒಬ್ಬರು ಹೆಚ್ಚಾಗಿದ್ದೇವೆ. ನೀನು ಸೋದರತ್ತೆಯಾದೆ. ದೀಪಾವಳಿಯ ಮರುದಿನ ನಿನ್ನ ಅತ್ತಿಗೆ ಸರೋಜಮ್ಮ ಗಂಡು ಕೂಸು ಹೆತ್ತಳು. ಹಿಂದೆ ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡು ಬಳಲಿದವಳು. ಈ ಸಲ ನಾನು ಆಂಜನೇಯನಿಗೆ ಹರಕೆ ಹೊತ್ತಿದ್ದೆ. ನಿನಗೆ ಬರೆದಿರಲಿಲ್ಲ. ಪ್ರಾಣಿಶಾಸ್ತ್ರ ಓದುವವಳು, ನಗುತ್ತೀಯೆಂದು ಸುಮ್ಮನಿದ್ದೆ.

ಈಗ ಬರೆಯದೆ ಗತಿಯಿಲ್ಲ. ಹೆರಿಗೆ ಮಾಡಿಸಿದ ಹುಚ್ಚಮ್ಮ ಹೊರಗೆ ಬಂದು ಬಾಗಿಲಲ್ಲೇ ನಿಂತಳು. "ಒಡೇರೇ, ತಾಯಿ ಮಗ ಇಬ್ರೂ ಚೆನ್ನಾಗಿದಾರೆ. ಆದ್ರೆ ನೀವೊಂದ್ಸಲ ಬಂದು ನೋಡ್ಬೇಕು" ಅಂದಳು. ಒಳಗೆ ಹೋದರೆ ಕೂಸನ್ನು ಬೋರಲು ಮಲಗಿಸಿ ಬಟ್ಟೆ ಸರಿಸಿ ತೋರಿಸಿದಳು. ಬೆನ್ನು ಮುಗಿಯುವಲ್ಲಿ, ಸೊಂಟಕ್ಕಿಂತ ತುಸು ಕೆಳಗೆ, ನನ್ನ ಕಿರುಬೆರಳಿನಷ್ಟು ಒಂದು ಬಾಲ. ಮೃದುವಾಗಿದೆ, ಮೇಲೆ ರೇಷ್ಮೆಯಂಥ ಕೂದಲು. ಕೂಸು ಅತ್ತರೆ ಅದೂ ಸ್ವಲ್ಪ ನಿಗುರುತ್ತದೆ.

ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ. ಹರಕೆ ಕೇಳಿಸಿಕೊಂಡವನು ತನ್ನ ಗುರುತನ್ನೇ ಇಟ್ಟು ಕಳಿಸಿದ್ದಾನೆ. ನಿನ್ನ ಅಣ್ಣ ಮಲ್ಲಿಕಾರ್ಜುನ ಮಾತ್ರ ನೋಡಿದವನೇ ತೋಟಕ್ಕೆ ಹೋದ, ಸಂಜೆಯವರೆಗೆ ಬರಲಿಲ್ಲ.

ನಿನಗೆ ಏನನ್ನಿಸುತ್ತದೆ, ಬರೆ. ನಗಬೇಡ.

ಇಂತಿ, ನಿನ್ನ ಅಪ್ಪಯ್ಯ
ಸೋಮಶೇಖರಪ್ಪ


ಬೆಂಗಳೂರು
೨೨ ನವೆಂಬರ್ ೧೯೩೭

ಅಪ್ಪಯ್ಯನವರಿಗೆ ಪ್ರೇಮ ಮಾಡುವ ನಮಸ್ಕಾರ.

ನಗಲಿಲ್ಲ. ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಕಾಗದ ಓದಿ, ಚಪ್ಪಲಿಯನ್ನೂ ಮೆಟ್ಟದೆ ಕಾಲೇಜಿಗೆ ಓಡಿದೆ. ಅಪ್ಪಯ್ಯ, ನಮ್ಮ ಮನೆಯಲ್ಲಿ ಎಂಥ ಸಂಗತಿ ನಡೆದಿದೆ ಅಂತ ನಿಮಗೆ ಗೊತ್ತಿಲ್ಲ!

ಕೇಳಿ. ತಾಯಿಯ ಹೊಟ್ಟೆಯಲ್ಲಿ ಮೊದಲ ಎರಡು ತಿಂಗಳೊಳಗೆ ಪ್ರತಿಯೊಬ್ಬ ಮನುಷ್ಯನಿಗೂ ಬಾಲವಿರುತ್ತದೆ. ನಿಮಗೂ ಇತ್ತು, ನನಗೂ ಇತ್ತು, ದಿವಾನರಿಗೂ ಇತ್ತು. ಆಮೇಲೆ ಅದು ಒಳಗೇ ಕರಗಿಹೋಗುತ್ತದೆ. ಎಲ್ಲೋ ಲಕ್ಷಕ್ಕೊಂದು ಕೂಸಿನಲ್ಲಿ ಕರಗದೆ ಉಳಿಯುತ್ತದೆ. ನಮಗೆ ಬಾಲವಿದ್ದ ಪೂರ್ವಿಕರಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಾನು ಪುಸ್ತಕದ ಚಿತ್ರದಲ್ಲಿ ನೋಡಿದ್ದು ನನ್ನ ಅಣ್ಣನ ಮಗನ ಮೈಮೇಲೆ ಇದೆ.

ದಶಾವತಾರದಲ್ಲಿ ಮೀನು, ಆಮೆ, ಹಂದಿ ಎಂದು ಎಲ್ಲವನ್ನೂ ಮೊದಲೇ ಹೇಳಿದ್ದಾರೆ ಅಂತ ಮಾತ್ರ ಬರೆಯಬೇಡಿ. ಇಲ್ಲಿ ಬರುವ ಭಾಷಣಕಾರರೆಲ್ಲ ಅದನ್ನೇ ಹೇಳುತ್ತಾರೆ. ನಿಮ್ಮ ತೋಟದಲ್ಲೇ ಇದೆಯಲ್ಲ ಉದಾಹರಣೆ. ಎಲೆಗೆ ತುಕ್ಕು ರೋಗ ಬಂದ ವರ್ಷ ಕೆಳಗಿನ ಪಟ್ಟೆಯ ಕಾಫಿ ಪೂರಾ ಬೋಳಾಯಿತು, ಹಳ್ಳದ ಬದಿಯ ನಾಲ್ಕಾರು ಗಿಡ ಮಾತ್ರ ಹಸಿರಾಗಿ ನಿಂತವು. ನೀವು ಅವುಗಳ ಬೀಜವನ್ನೇ ಪಾತಿಗೆ ಹಾಕಿದಿರಿ. ಇವತ್ತು ಅಲ್ಲಿರುವುದೆಲ್ಲ ಅವುಗಳ ಸಂತಾನ. ತಾಳಿಕೊಂಡದ್ದು ಉಳಿಯಿತು, ಉಳಿದದ್ದು ಬೆಳೆಯಿತು. ವಿಕಾಸವೆಂದರೆ ಅಷ್ಟೇ, ಕೋಟ್ಯಂತರ ವರ್ಷದ್ದು.

ನಮ್ಮ ಪ್ರೊಫೆಸರರಿಗೆ ಹೇಳಿದೆ. ಅವರು ಕುರ್ಚಿ ಬಿಟ್ಟು ಎದ್ದರು. ಒಂದು ದಾರ ತೆಗೆದುಕೊಂಡು ಬಾಲದ ಉದ್ದ, ಬುಡದ ಸುತ್ತಳತೆ ಎರಡನ್ನೂ ಅಳೆದು, ಗಂಟು ಹಾಕಿ, ಆ ದಾರವನ್ನೇ ಲಕೋಟೆಯಲ್ಲಿಟ್ಟು ಕಳಿಸಿ. ಚಿಕ್ಕಮಗಳೂರಿನಿಂದ ಫೋಟೋದವರನ್ನು ಕರೆಸಲಾದರೆ ಇನ್ನೂ ಒಳ್ಳೆಯದು.

ಅತ್ತಿಗೆಗೆ ಹೆದರಬೇಡ ಅಂತ ಹೇಳಿ.

ನಿಮ್ಮ
ಪ್ರೇಮ


ಸಂಸೆ
೧೨ ಡಿಸೆಂಬರ್ ೧೯೩೭

ಮಗಳು ಪ್ರೇಮಳಿಗೆ,

ಹಣ್ಣು ಕೊಯ್ಲು ಶುರುವಾಗಿದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಕಾಗದದ ಮೇಲೆ ಕಲೆ ಬಿದ್ದರೆ ಅದು ಕಾಫಿ ಹಣ್ಣಿನ ರಸ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನನಗೆ ಬಾಲವಿತ್ತು ಅನ್ನುವುದನ್ನು ಒಪ್ಪಿಕೊಂಡೆ. ನಿನ್ನ ಅಜ್ಜಿ ಇದ್ದಿದ್ದರೆ ಅವಳೂ ಒಪ್ಪುತ್ತಿದ್ದಳು. ಆದರೆ ತುಕ್ಕಿನ ಮಾತಿಗೆ ನನ್ನ ಹತ್ತಿರ ಉತ್ತರವಿದೆ. ಆ ಗಿಡಗಳನ್ನು ಆರಿಸಿದವನು ನಾನು. ಬೆಳಗ್ಗೆ ಎದ್ದು, ಹಳ್ಳದ ಬದಿ ನಡೆದು, ಇದು ಬೇಕು ಅದು ಬೇಡ ಅಂತ ಕೈಯಿಟ್ಟು ಆರಿಸಿದೆ. ಆರಿಸಿದ್ದು ಇದೆ ಅಂದಮೇಲೆ ಆರಿಸುವವನೊಬ್ಬ ಬೇಕಲ್ಲ ಮಾರಾಯ್ತಿ? ನಮ್ಮ ಕೆಳಪಟ್ಟೆಗೆ ನಾನಾದೆ, ಲೋಕಕ್ಕೆ ಯಾರು?

ಇನ್ನೊಂದು. ಬಾಲ ಹೇಗೆ ಬರುತ್ತದೆ ಅಂತ ಬರೆದೆ. ಲಕ್ಷಕ್ಕೊಂದು ಅಂದೆ. ಆ ಒಂದು ನಮ್ಮ ಸರೋಜಮ್ಮನ ಮಡಿಲಿಗೇ ಯಾಕೆ ಬಂತು, ಅದೂ ನಾನು ಹರಕೆ ಹೊತ್ತ ವರ್ಷವೇ ಯಾಕೆ ಬಂತು? ನಿನ್ನ ಪ್ರೊಫೆಸರರು ಅದನ್ನೂ ದಾರದಲ್ಲಿ ಅಳೆಯುತ್ತಾರೋ?

ಸುದ್ದಿ ಹಬ್ಬಿದೆ. ಶನಿವಾರ ಕಳಸದಿಂದ, ಆಚೆ ಕುದುರೆಮುಖದ ಬುಡದ ಮನೆಗಳಿಂದಲೂ ಜನ ಬರುತ್ತಾರೆ. ಬೆಣ್ಣೆ ತರುತ್ತಾರೆ, ವೀಳ್ಯದೆಲೆಯ ಹಾರ ತರುತ್ತಾರೆ. ಕೂಸನ್ನು ಮಾರುತಿ ಅನ್ನುತ್ತಾರೆ. ಬಂದವರು ಕಣ್ಣೀರು ಒರೆಸಿಕೊಂಡು ಹೋಗುವುದನ್ನು ನೋಡಿದರೆ ನೀನೂ ವಾದ ಬಿಡುತ್ತಿದ್ದೆ. ಸರೋಜಮ್ಮ ಕೂಸನ್ನು ಜಗಲಿಗೆ ತಂದು ಕೂರುತ್ತಾಳೆ, ಎದ್ದು ಹೋಗುತ್ತಾಳೆ. ಮಲ್ಲಿಕಾರ್ಜುನ ಇನ್ನೂ ಕೂಸನ್ನು ಎತ್ತಿಕೊಂಡಿಲ್ಲ.

ದಾರ ಕಳಿಸುವುದಿಲ್ಲ. ದೇವರು ಕೊಟ್ಟದ್ದಕ್ಕೆ ಅಳತೆ ಹಿಡಿಯಲು ನನಗೆ ಕೈ ಬರುವುದಿಲ್ಲ. ಕೋಪ ಬೇಡ. ಇಲ್ಲಿ ಚಳಿ ಜೋರಾಗಿದೆ, ನೀನು ರಗ್ಗು ಹೊದ್ದುಕೋ.

ಅಪ್ಪಯ್ಯ


ಬೆಂಗಳೂರು
೩ ಜನವರಿ ೧೯೩೮

ಅಪ್ಪಯ್ಯನವರಿಗೆ,

ಕೋಪ ಬಂತು, ಹೋಯಿತು. ಈಗ ಉತ್ತರ.

ಗಿಡ ಆರಿಸಿದವರು ನೀವಲ್ಲ, ತುಕ್ಕು! ಅದು ಬಂದು ತಾಳಲಾರದವನ್ನೆಲ್ಲ ಕೊಂದಮೇಲೆ ನೀವು ಹೋಗಿ ಬೀಜ ಆಯ್ದುಕೊಂಡಿರಿ. ನೀವು ಹೋಗದಿದ್ದರೂ ಆ ಬೀಜ ಬಿದ್ದು ಅಲ್ಲೇ ಮೊಳೆಯುತ್ತಿತ್ತು. ಆರಿಸಲು ಕಣ್ಣು, ಮನಸ್ಸು ಬೇಕಿಲ್ಲ ಅಪ್ಪಯ್ಯ. ಬರಿಯ ಕಷ್ಟ ಸಾಕು, ಕಾಲ ಸಾಕು.

ಹರಕೆಯ ಮಾತು. ಆಂಜನೇಯನಿಗೆ ಹರಕೆ ಹೊತ್ತು ಮಕ್ಕಳನ್ನು ಪಡೆದವರು ನಮ್ಮ ಸೀಮೆಯಲ್ಲೇ ಎಷ್ಟು ಜನರಿಲ್ಲ? ಅವರ ಕೂಸುಗಳಿಗೆ ಬಾಲ ಯಾಕಿಲ್ಲ? ನಾಲ್ಕು ವರ್ಷದ ಹಿಂದೆ ಹಾಸನದ ಕಡೆ ಹರಕೆ ಹೊರದ ಮನೆಯಲ್ಲಿ ಇಂಥದೇ ಕೂಸು ಹುಟ್ಟಿತ್ತಂತೆ, ಪ್ರೊಫೆಸರರು ಹೇಳಿದರು. ಅವರು ಹೋಗುವಷ್ಟರಲ್ಲಿ ಅದು ತೀರಿಕೊಂಡಿತ್ತಂತೆ. ಅದಕ್ಕೇ ಈ ಸಲ ತಡಮಾಡಬಾರದು ಅನ್ನುತ್ತಾರೆ. ಫೆಬ್ರವರಿಯಲ್ಲಿ ಕ್ಯಾಮರಾ ತೆಗೆದುಕೊಂಡು ಅವರೇ ಬರಲು ಸಿದ್ಧರಿದ್ದಾರೆ. ಬೇಡ ಅನ್ನಬೇಡಿ. ನಮ್ಮ ಕ್ಲಾಸಿನಲ್ಲಿ ನಾವಿಬ್ಬರೇ ಹೆಣ್ಣುಮಕ್ಕಳು. ಹುಡುಗರು ಕಪ್ಪೆಯ ಕಾಲು ನಮ್ಮ ಡೆಸ್ಕಿನಲ್ಲಿಟ್ಟು ನಗುತ್ತಾರೆ. ಈ ವಿಷಯ ನನ್ನಿಂದ ಬಂದದ್ದು ಅಂತ ಗೊತ್ತಾದಮೇಲೆ ಅವರ ನಗು ನಿಂತಿದೆ.

ಆಮೇಲೆ ಬೇಕಾದರೆ ಅದನ್ನು ತೆಗೆಸಿಬಿಡಬಹುದು. ಸಣ್ಣ ಕೆಲಸ, ಮೂಳೆಯಿಲ್ಲದ ಮಾಂಸ ತಾನೆ. ತೆಗೆದದ್ದನ್ನು ಎಸೆಯದೆ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಹಾಕಿಕೊಟ್ಟರೆ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ನೂರು ವರ್ಷ ಇರುತ್ತದೆ. ಮುಂದೆ ಓದುವವರಿಗೆಲ್ಲ ಉಪಕಾರ.

ಉತ್ತರಕ್ಕೆ ಕಾಯುತ್ತೇನೆ. ದಾರ ಮರೆಯಬೇಡಿ.

ಪ್ರೇಮ


ಸಂಸೆ
೯ ಫೆಬ್ರವರಿ ೧೯೩೮

ಪ್ರೇಮಾ,

ನಿನ್ನ ಅತ್ತಿಗೆ ಸರೋಜ ಬರೆಯುತ್ತಿರುವುದು. ಲೋವರ್ ಸೆಕೆಂಡರಿ ಬಿಟ್ಟಮೇಲೆ ಕಾಗದ ಬರೆದವಳಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು. ಮಾವನವರು ಮೂಡಿಗೆರೆಗೆ ಹೋಗಿದ್ದಾರೆ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ.

ಹೋದ ಶನಿವಾರ ಜಗಲಿ ತುಂಬ ಜನ. ಒಬ್ಬರು ಕುಂಕುಮ ಹಚ್ಚುತ್ತಾರೆ, ಒಬ್ಬರು ಬೆಣ್ಣೆ ಸವರುತ್ತಾರೆ. ಕೂಸು ಅಳುತ್ತಲೇ ಇತ್ತು, ಹಸಿವು ಅಂದುಕೊಂಡೆ. ಸಂಜೆ ಸ್ನಾನಕ್ಕೆ ಬಟ್ಟೆ ಬಿಚ್ಚಿದರೆ ಬಾಲದ ಬುಡಕ್ಕೆ ಯಾರೋ ಕೆಂಪು ದಾರ ಬಿಗಿದಿದ್ದರು. ಮಾಂಸದೊಳಗೆ ಹೂತುಹೋಗಿತ್ತು. ತುದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಿನ್ನ ಅಣ್ಣನನ್ನು ಕೂಗಿದೆ. ಕತ್ತರಿ ತಂದರು, ನಾನೇ ಇಸಿದುಕೊಂಡು ಕತ್ತರಿಸಿದೆ. ಕೂಸು ಉಸಿರು ಸಿಕ್ಕಿಸಿಕೊಂಡು ಅತ್ತಿತು. ಆಮೇಲೆ ಜ್ವರ. ಈಗ ಇಳಿದಿದೆ.

ಮಾರನೇ ದಿನ ಭಾಗಮ್ಮ ಅನ್ನುವವಳು ತಾನಾಗಿಯೇ ಬಂದು ಹೇಳಿದಳು. "ನಾನೇ ಕಟ್ಟಿದ್ದಮ್ಮ. ಮದ್ವೆಯಾಗಿ ಒಂಬತ್ತು ವರ್ಷ ಆತು. ನಂಗೂ ಒಂದು ಕೊಡಪ್ಪಾ ಅಂತ ಕೇಳ್ಕಂಡು ಕಟ್ದೆ" ಅಂದಳು. ಬೈಯಬೇಕೆಂದು ಎದ್ದಿದ್ದೆ. ಹೋದ ವರ್ಷ ಅವಳ ಜಾಗದಲ್ಲಿ ನಾನಿದ್ದೆ. ಕಾಫಿ ಕೊಟ್ಟು ಕಳಿಸಿದೆ.

ಅವಳು ಹೋದಮೇಲೆ ಮಾವನವರ ಮೇಜಿನ ಮೇಲಿದ್ದ ನಿನ್ನ ಕಾಗದಗಳನ್ನೂ, ಅವರು ಬರೆದಿಟ್ಟುಕೊಂಡ ತಮ್ಮ ಕಾಗದಗಳ ನಕಲನ್ನೂ ಓದಿದೆ. ನೀನೂ ದಾರ ಕೇಳಿದ್ದೀಯ. ಅವಳದು ಬೇಡಿಕೊಳ್ಳುವುದಕ್ಕೆ, ನಿನ್ನದು ಅಳೆಯುವುದಕ್ಕೆ. ಇಬ್ಬರ ದಾರವೂ ನನ್ನ ಮಗನ ಮೈಗೇ ಬೇಕು. ಬಾಟಲಿಯ ವಿಷಯವನ್ನೂ ಓದಿದೆ.

ನಾಲ್ಕು ಕಾಗದವಾಯಿತು ಪ್ರೇಮಾ, ನೀನಾಗಲಿ ಮಾವನವರಾಗಲಿ ಕೂಸಿನ ಮುಖ ಯಾರ ಹಾಗಿದೆ ಅಂತ ಬರೆದಿಲ್ಲ. ನಾನು ಹೇಳುತ್ತೇನೆ. ಮೂಗು ನಿನ್ನದು. ನಿದ್ದೆ ಬಂದಾಗ ತನ್ನ ಕಿವಿಯನ್ನು ತಾನೇ ಹಿಡಿದುಕೊಳ್ಳುತ್ತಾನೆ. ತಾಮ್ರದ ಚೊಂಬು ಉರುಳಿದ ಸದ್ದಿಗೆ ನಗುತ್ತಾನೆ.

ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಬಲಗಾಲನ್ನು ಒದೆಯುವಷ್ಟು ಎಡಗಾಲನ್ನು ಒದೆಯುವುದಿಲ್ಲ ಅಂತ ನನಗೆ ಅನುಮಾನ. ದಿನವೂ ನೋಡುತ್ತೇನೆ. ಒಂದು ದಿನ ಅನುಮಾನ ಸುಳ್ಳು ಅನ್ನಿಸುತ್ತದೆ, ಒಂದು ದಿನ ನಿಜ ಅನ್ನಿಸುತ್ತದೆ. ಈ ಬಾಲಕ್ಕೂ ಕಾಲಿಗೂ ಸಂಬಂಧವಿದೆಯಾ? ಅವನು ನಡೆಯುತ್ತಾನಾ? ಕೊಯ್ಸಿದರೆ ಸರಿಹೋಗುತ್ತದಾ, ಇನ್ನೂ ಕೆಡುತ್ತದಾ? ನಿನ್ನ ಪುಸ್ತಕದಲ್ಲಿ ಇದ್ದರೆ ಬರೆ. ಇಲ್ಲದಿದ್ದರೆ ಇಲ್ಲ ಅಂತಲಾದರೂ ಬರೆ.

ಸರೋಜ


ಬೆಂಗಳೂರು
೧೧ ಮಾರ್ಚ್ ೧೯೩೮

ಅತ್ತಿಗೆಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಕ್ಷಮೆ ಕೇಳಿ ಒಂದು ಪುಟ ತುಂಬಿಸುವುದು ಸುಲಭವಿತ್ತು. ನೀವು ಕೇಳಿದ್ದು ಕ್ಷಮೆಯಲ್ಲ, ಉತ್ತರ. ಅದನ್ನು ಹುಡುಕಲು ಹೋದೆ.

ನಮ್ಮ ಪುಸ್ತಕಗಳಲ್ಲಿ ಇಲ್ಲ. ನಾನು ಓದಿದ ಪುಟಗಳನ್ನೇ ಮತ್ತೆ ಓದಿದೆ. ಅಲ್ಲಿ ಬಾಲ ಇದೆ ಅತ್ತಿಗೆ, ಕೂಸು ಇಲ್ಲ. ಅದು ಬದುಕಿತೇ, ನಡೆಯಿತೇ, ಅದರ ತಾಯಿ ಏನು ಮಾಡಿದಳು, ಒಂದು ಸಾಲೂ ಇಲ್ಲ.

ಇಲ್ಲಿನ ಆಸ್ಪತ್ರೆಯ ಲೇಡಿ ಡಾಕ್ಟರೊಬ್ಬರ ಹತ್ತಿರ ಹೋದೆ. ಹೊರಗೆ ಬೆಂಚಿನ ಮೇಲೆ ಅರ್ಧ ದಿನ ಕೂತ ಮೇಲೆ ಕರೆದರು. ಎಡಗಾಲಿನ ಮಾತು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಕೆಲವು ಕೂಸುಗಳಲ್ಲಿ ಇಂಥ ಬಾಲ ಬರಿಯ ಚರ್ಮ ಮಾಂಸವಾಗಿರುತ್ತದಂತೆ, ತೆಗೆದರೂ ಏನೂ ಆಗುವುದಿಲ್ಲ. ಇನ್ನು ಕೆಲವರಲ್ಲಿ ಅದರಡಿಯ ಬೆನ್ನುಮೂಳೆ ಸರಿಯಾಗಿ ಮುಚ್ಚಿರುವುದಿಲ್ಲ. ಕಾಲಿಗೆ ಹೋಗುವ ನರಗಳು ಅದಕ್ಕೆ ಅಂಟಿಕೊಂಡಿರುತ್ತವೆ. ನೋಡದೆ ಕೊಯ್ದರೆ ಕಾಲೇ ಹೋಗಬಹುದು. ಸಣ್ಣ ಕೆಲಸ ಅಂತ ನಾನು ಅಪ್ಪಯ್ಯನಿಗೆ ಬರೆದಿದ್ದೆ. ಆ ಮಾತು ಕೇಳಿ ನೀವು ಯಾರನ್ನಾದರೂ ಕರೆದು ಕೊಯ್ಸಿಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ನನ್ನಿಂದ ಆಗುತ್ತಿಲ್ಲ.

ಎಕ್ಸ್‌ರೇ ತೆಗೆದು ನೋಡಬೇಕು. ನಿಮಗೆ ಬೆಂಗಳೂರಿಗಿಂತ ಮಂಗಳೂರು ಹತ್ತಿರ. ಇದನ್ನು ಪ್ರೊಫೆಸರರಿಗೆ ಹೇಳಿ, ಫೋಟೋ ಬೇಡ, ನೀವು ಬರುವುದೂ ಬೇಡ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. "ಕೂಸು ಹೇಗಿದೆ ಅಂತ ನಾನು ಒಂದು ದಿನವೂ ಕೇಳಲಿಲ್ಲವಲ್ಲಮ್ಮ" ಅಂದರು. ಅವರ ಜೊತೆ ಓದಿದವರೊಬ್ಬರು ಮಂಗಳೂರಿನಲ್ಲಿ ಸರ್ಜನ್ನರಂತೆ. ಅವರಿಗೆ ಬರೆದುಕೊಟ್ಟ ಕಾಗದ ಇದರ ಜೊತೆಗಿದೆ.

ನನ್ನ ಪರೀಕ್ಷೆ ಮುಂದಿನ ವಾರ. ಇಲ್ಲದಿದ್ದರೆ ಕೊಟ್ಟಿಗೆಹಾರಕ್ಕೆ ಬಂದು ನಿಮ್ಮನ್ನು ಕೂಡಿಕೊಳ್ಳುತ್ತಿದ್ದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೆ: ನನಗೆ ಗೊತ್ತಿಲ್ಲ. ಈ ಕಾಗದವನ್ನು ಅಪ್ಪಯ್ಯನಿಗೆ ತೋರಿಸಿ.

ನನ್ನ ಮೂಗು ಅವನಿಗೆ ಬಂದದ್ದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ.

ಪ್ರೇಮ


ಮಂಗಳೂರು
೨೯ ಮಾರ್ಚ್ ೧೯೩೮

ಮಗಳೇ,

ನಿನ್ನ ಪರೀಕ್ಷೆಯ ನಡುವೆ ಇದನ್ನು ಓದಿ ಮನಸ್ಸು ಕಲಕಿಕೊಳ್ಳಬೇಡ. ಕೂಸು ಚೆನ್ನಾಗಿದೆ. ಅದನ್ನು ಮೊದಲು ಬರೆದಿದ್ದೇನೆ.

ನಿನ್ನ ಕಾಗದವನ್ನು ಸರೋಜಮ್ಮ ನನ್ನ ಕೈಗಿತ್ತು ಬಾಗಿಲ ಬಳಿ ನಿಂತಳು. ಕೆಂಪು ದಾರದ ವಿಷಯ ನನಗೆ ಗೊತ್ತಾದದ್ದು ಆಗಲೇ. ಜ್ವರ ಬಂದದ್ದು ಶೀತದಿಂದ ಅಂತ ನನಗೆ ಹೇಳಿದ್ದಳು. "ನಂಗ್ಯಾಕೆ ಹೇಳಲಿಲ್ಲ ಮಗಾ?" ಅಂತ ಕೇಳಿದೆ. "ಜನ ಬಂದಾಗ ನಿಮ್ಮ ಮುಖದಲ್ಲಿ ಎಷ್ಟು ಸಂತೋಷ ಇರ್ತಿತ್ತು ಮಾವ, ಹೇಗೆ ಹೇಳ್ಲಿ?" ಅಂದಳು.

ಶನಿವಾರ ಬೆಳಗ್ಗೆ ನಾನೇ ಗೇಟಿನಲ್ಲಿ ನಿಂತೆ. ಬಂದವರಿಗೆಲ್ಲ ಕೈಮುಗಿದು ವಾಪಸು ಕಳಿಸಿದೆ. ವಾರವಾರವೂ ಬೆಣ್ಣೆ ತರುತ್ತಿದ್ದ ಚೌಡಯ್ಯನಿಗೆ ಸಿಟ್ಟು ಬಂತು. "ದೇವ್ರನ್ನ ಮನೆಯೊಳಗೆ ಕೂಡಿಹಾಕ್ತೀರಾ ಒಡೇರೇ?" ಅಂದ. "ದೇವ್ರು ಗುಡೀಲಿದಾನೆ ಚೌಡಯ್ಯ, ಅಲ್ಲಿಗೆ ಹೋಗು. ಇಲ್ಲಿರೋದು ನನ್ನ ಮೊಮ್ಮಗ" ಅಂದೆ. ಅವನು ಬೆಣ್ಣೆಯ ಬಾಳೆಲೆಯನ್ನು ಗೇಟಿನ ಕಲ್ಲಿನ ಮೇಲಿಟ್ಟು ಹೋದ. ಕಳಸದ ಪೇಟೆಯಲ್ಲಿ ಈಗ ನನ್ನನ್ನು ಮಾತಾಡಿಸದವರೂ ಇದ್ದಾರೆ. ಇರಲಿ.

ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಬಿಟ್ಟು ಹೊರಟೆವು. ಕೊಟ್ಟಿಗೆಹಾರದಲ್ಲಿ ಮಂಗಳೂರಿನ ಮೋಟಾರಿಗೆ ಕಾದೆವು. ಬಂದ ಮೋಟಾರಿನಲ್ಲಿ ಜಾಗ ಕಡಮೆ, ಸರೋಜಮ್ಮ ಮುಂದೆ ಕೂತಳು. ಚಾರ್ಮಾಡಿ ಘಾಟಿಯ ಎರಡನೇ ತಿರುವಿಗೇ ಅವಳಿಗೆ ತಲೆಸುತ್ತಿ ವಾಂತಿಯಾಯಿತು. ಕೂಸನ್ನು ಹಿಡಿಯಲಾರದೆ ಹಿಂದಕ್ಕೆ ಚಾಚಿದಳು. ಮಲ್ಲಿಕಾರ್ಜುನ ಇಸಿದುಕೊಂಡ. ಅಲ್ಲಿಯವರೆಗೆ ಒಮ್ಮೆಯೂ ಎತ್ತಿಕೊಂಡವನಲ್ಲ. ಮೊದಲು ಕೈ ದೂರ ಇಟ್ಟು, ಯಾವುದೋ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡ. ಮೋಟಾರು ಓಲಾಡಿದಾಗ ಎದೆಗೆ ಒತ್ತಿಕೊಂಡ. ಕೂಸು ಅವನ ಅಂಗಿಯ ಗುಂಡಿ ಹಿಡಿದು ಮಲಗಿತು. ಘಾಟಿ ಇಳಿದಮೇಲೆ ಸರೋಜಮ್ಮ ಕೈ ನೀಡಿದರೆ, "ಎಬ್ಬಿಸ್ಬೇಡ, ಇರ್ಲಿ" ಅಂದ. ಮಂಗಳೂರಿನವರೆಗೂ ಕೊಡಲಿಲ್ಲ.

ಡಾಕ್ಟರು ನನಗಿಂತ ಚಿಕ್ಕವರು. ಎಕ್ಸ್‌ರೇ ತೆಗೆಸಿ, ಗಾಜಿನ ತಟ್ಟೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಗಾಲಿಗೆ ಕಡ್ಡಿ ಮುಟ್ಟಿಸಿ ನೋಡಿದರು. ಸರೋಜಮ್ಮನ ಅನುಮಾನ ನಿಜ. ಎಡಗಾಲು ಸ್ವಲ್ಪ ಸೋತಿದೆ. ಆಮೇಲೆ ನಮ್ಮನ್ನು ಕೂರಿಸಿ ಹೇಳಿದರು. "ಇಷ್ಟು ಸಣ್ಣ ಕೂಸಿನ ಮೂಳೆ ಇನ್ನೂ ಎಳೆಯದು, ಚಿತ್ರದಲ್ಲಿ ಸ್ಪಷ್ಟ ಕಾಣುವುದಿಲ್ಲ. ಕೆಳಗೆ ಒಂದು ಸೀಳು ಇದ್ದ ಹಾಗಿದೆ. ನರ ಇದರೊಳಗೆ ಬಂದಿದೆಯೋ ಇಲ್ಲವೋ ತೆರೆಯದೆ ತಿಳಿಯುವುದಿಲ್ಲ, ತೆರೆದರೆ ಕೆಡಬಹುದು. ಬಿಟ್ಟರೆ ಹಾಗೇ ಇರಬಹುದು, ಬೆಳೆಯುತ್ತ ಕಾಲು ಇನ್ನೂ ಸೋಲಲೂಬಹುದು. ಯಾವುದು ಅಂತ ನನಗೆ ಗೊತ್ತಿಲ್ಲ."

ನನಗೆ ಸಿಟ್ಟು ಬಂತು. "ಇಷ್ಟು ದೂರ ಬಂದದ್ದು ಗೊತ್ತಿಲ್ಲ ಅನ್ನಿಸ್ಕೊಳ್ಳೋದಿಕ್ಕಾ?" ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಗೊತ್ತು ಅಂದಿದ್ದರೆ ಇವತ್ತೇ ಕೊಯ್ಯುತ್ತಿದ್ದೆ ಯಜಮಾನರೆ. ನಿಮ್ಮ ಮೊಮ್ಮಗನ ಕಾಲು ಹೋದಮೇಲೆ ಅದು ಸುಳ್ಳು ಅಂತ ಗೊತ್ತಾಗುತ್ತಿತ್ತು" ಅಂದರು. ಆ ಮನುಷ್ಯನಿಗೆ ಕೈಮುಗಿಯಬೇಕು ಅನ್ನಿಸಿತು, ಮುಗಿದೆ.

ಹೊರಗೆ ವೆರಾಂಡದಲ್ಲಿ ಸರೋಜಮ್ಮ ನನ್ನ ಕಡೆ ತಿರುಗಿದಳು. "ಮಾವ, ನೀವು ಹೇಳಿ. ಇದು ದೇವ್ರು ಕೊಟ್ಟಿದ್ದೇ ಹೌದಾ? ಹೌದಾದ್ರೆ ಕಾಲು ಯಾಕೆ ಹೀಗೆ ಮಾಡ್ದ?"

ಐವತ್ತೆಂಟು ವರ್ಷ ಪೂಜೆ ಮಾಡಿದವನು ನಾನು. ಕರ್ಮ ಅನ್ನಬಹುದಿತ್ತು, ಪರೀಕ್ಷೆ ಅನ್ನಬಹುದಿತ್ತು. ಅವಳ ಮುಖ ನೋಡಿಕೊಂಡು ಯಾವುದೂ ಬರಲಿಲ್ಲ. "ನಂಗೂ ಗೊತ್ತಿಲ್ಲ ಮಗಾ" ಅಂದೆ.

ಅವಳು, "ಹಂಗಾದ್ರೆ ಇರ್ಲಿ. ಕೊಯ್ಸೋದು ಬೇಡ. ಯಾರಿಗೂ ತೋರ್ಸೋದೂ ಬೇಡ. ದೊಡ್ಡೋನಾದ್ಮೇಲೆ ಅವನೇ ಹೇಳ್ಲಿ" ಅಂದಳು. ಮಲ್ಲಿಕಾರ್ಜುನ ಹೂಂಗುಟ್ಟಿದ. ನಾನೂ.

ಸಂಜೆ ಸಮುದ್ರಕ್ಕೆ ಹೋದೆವು. ಅವಳು ಸಮುದ್ರ ನೋಡಿದ್ದು ಇದೇ ಮೊದಲು. ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗಿಳಿದು ನಕ್ಕಳು. ಅವಳು ನಕ್ಕದ್ದನ್ನು ನಾನು ಕೇಳಿ ಎಷ್ಟು ದಿನವಾಗಿತ್ತೋ. ಅಲ್ಲೇ ಕೂಸಿಗೆ ಹೆಸರಿಟ್ಟಳು, ಶಂಕರ ಅಂತ, ಅವಳ ತವರಿನ ಅಜ್ಜನ ಹೆಸರು. ಮಾರುತಿ ಅನ್ನುವುದನ್ನು ನಾಳೆಯಿಂದ ಬಿಡಬೇಕು, ನನ್ನ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆ.

ಪರೀಕ್ಷೆ ಮುಗಿಸಿ ಬಾ.

ಅಪ್ಪಯ್ಯ


ಬೆಂಗಳೂರು
೪ ಜುಲೈ ೧೯೩೮

ಅಪ್ಪಯ್ಯನವರಿಗೆ,

ಸುಖವಾಗಿ ತಲುಪಿದೆ. ಕೊಟ್ಟ ಮಿಡಿ ಉಪ್ಪಿನಕಾಯಿ ರೈಲಿನಲ್ಲಿ ಸೋರಿ ನೋಟ್ಸಿನ ಮೇಲೆಲ್ಲ ಎಣ್ಣೆ. ಬೀರೂರಿನವರೆಗೂ ಅಳು ಬರುತ್ತಿತ್ತು, ಉಪ್ಪಿನಕಾಯಿಗಾಗಿ ಅಲ್ಲ.

ರಜ ಪೂರ್ತಿ ಜಗಳವಾಡಿದೆವು, ಇನ್ನೂ ಮುಗಿದಿಲ್ಲ ಅಂತ ತಿಳಿಸಲು ಇದನ್ನು ಬರೆಯುತ್ತಿದ್ದೇನೆ. ಬಾಲ ಎಲ್ಲಿಂದ ಬಂತು ಎಂಬ ಮಾತಿನಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿದಿಲ್ಲ. ನಮ್ಮ ಹಿಂದಿನವರಿಗೆ ಬಾಲವಿತ್ತು, ಅದು ನಿಜ, ನೀವು ಎಷ್ಟು ತಲೆಯಾಡಿಸಿದರೂ ನಿಜ. ನನ್ನ ತಪ್ಪು ಬೇರೆ ಕಡೆ ಇತ್ತು. ಅದಕ್ಕೆ ಉತ್ತರ ಗೊತ್ತಿದ್ದ ಮಾತ್ರಕ್ಕೆ ಶಂಕರನ ವಿಷಯವೆಲ್ಲ ಗೊತ್ತಿದೆ ಅಂದುಕೊಂಡಿದ್ದೆ. ಅವನು ಬೆಳಗ್ಗೆ ಎದ್ದ ಕೂಡಲೇ ಯಾರನ್ನು ಹುಡುಕುತ್ತಾನೆ ಎಂಬುದು ಕೂಡ ನನಗೆ ಗೊತ್ತಿರಲಿಲ್ಲ.

ನೀವೂ ಸರಿಯಲಿಲ್ಲ ಅಂತ ಗೊತ್ತು. ಅತ್ತಿಗೆ ಇಲ್ಲದಾಗ ಅವನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಎರಡು ಸಲ ನೋಡಿದೆ. ಅತ್ತಿಗೆಗೆ ಹೇಳಲಿಲ್ಲ.

ಡಾಕ್ಟರು ಹೇಳಿದ ಹಾಗೆ ಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡಿ. ನೀವು ತಿಕ್ಕುವಾಗ ಮಂತ್ರ ಹೇಳುತ್ತಿದ್ದಿರಿ, ನಾನು ಸ್ನಾಯುಗಳ ಹೆಸರು ಹೇಳುತ್ತಿದ್ದೆ. ಅವನು ಎರಡಕ್ಕೂ ಒಂದೇ ಥರ ನಗುತ್ತಿದ್ದ.

ಪಾಸಾಗಿದ್ದೇನೆ. ಬಿ.ಎಸ್‌ಸಿ. ಮುಗಿಸಿ ಡಾಕ್ಟರಿಕೆ ಓದಲೇ ಎಂಬ ಯೋಚನೆ ಬಂದಿದೆ. ವರ್ಷಗಟ್ಟಲೆ ಓದು, ಖರ್ಚೂ ಇದೆ, ನೀವು ಬೇಡ ಅಂದರೆ ಒತ್ತಾಯವಿಲ್ಲ. ಆದರೆ ಬೇಡ ಅನ್ನಬೇಡಿ.

ಪ್ರೇಮ


ಸಂಸೆ
೧೮ ಡಿಸೆಂಬರ್ ೧೯೩೮

ಪ್ರೇಮಾ,

ಮಾವನವರು ನಾನು ಬರೆಯುತ್ತೇನೆ ಅಂದರು, ಬೇಡ, ಇದನ್ನು ನಾನೇ ಬರೆಯಬೇಕು ಅಂದೆ.

ಭಾಗಮ್ಮ ಮೊನ್ನೆ ಕೊಯ್ಲಿಗೆ ಬಂದಿದ್ದಳು. ಅವಳಿಗೆ ಇನ್ನೂ ಆಗಿಲ್ಲ. ಶಂಕರನನ್ನು ಎತ್ತಿಕೊಳ್ಳಲೇ ಅಂತ ಕೇಳಿದಳು, ಕೊಟ್ಟೆ. ಬೆನ್ನಿನ ಕಡೆ ನೋಡಲಿಲ್ಲ. ಗಲ್ಲಕ್ಕೆ ಮುತ್ತಿಟ್ಟು ವಾಪಸು ಕೊಟ್ಟಳು.

ಇವತ್ತು ಬೆಳಗ್ಗೆ ಕಣದಲ್ಲಿ ಕಾಫಿ ಬೀಜ ಹರವಿದ್ದರು. ನಿನ್ನ ಅಣ್ಣ ಹಲಗೆಯಿಂದ ಬೀಜ ಎಳೆಯುತ್ತಿದ್ದರು. ಮಾವನವರು ಕಣದ ಅಂಚಿನ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಶಂಕರ ಅವರ ಮೊಣಕಾಲು ಹಿಡಿದು ನಿಂತಿದ್ದ. ಎರಡು ತಿಂಗಳಿಂದ ಹಾಗೆ ನಿಲ್ಲುತ್ತಾನೆ, ಎಡಗಾಲನ್ನು ಊರುವುದಿಲ್ಲ, ತುದಿಬೆರಳಲ್ಲಿ ಮುಟ್ಟಿಸಿಕೊಂಡಿರುತ್ತಾನೆ. ನಾನು ತಿಂಡಿಗೆ ಕರೆಯಲು ಬಂದವಳು. ನನ್ನ ದನಿ ಕೇಳಿ ತಿರುಗಿದ. ಮೊಣಕಾಲು ಬಿಟ್ಟ.

ಬಲಗಾಲಿಟ್ಟ. ನಿಂತ. ಎಡಗಾಲನ್ನು ಎಳೆದುಕೊಂಡು ಮುಂದೆ ತಂದ. ಪೂರಾ ಎತ್ತಲಿಲ್ಲ, ಎಳೆದ. ಆದರೂ ಊರಿದ. ಮತ್ತೆ ಬಲಗಾಲು. ಕಾಫಿ ಬೀಜದ ಮೇಲೆ ಗೀಟು ಬೀಳುತ್ತಿತ್ತು.

ನಿನ್ನ ಅಣ್ಣ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಂತುಬಿಟ್ಟರು. ಮಾವನವರು ಏನೋ ಹೇಳಲು ಬಾಯಿ ತೆರೆದರು, ಅವನು ಹೆದರಿ ಬಿದ್ದಾನೆಂದು ಮುಚ್ಚಿಕೊಂಡರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಯಾರಿಂದ ನಡೆದ, ಯಾವುದರಿಂದ ನಡೆದ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಮುಂದೆ ಏನಾಗುತ್ತದೋ ಅದೂ ನೆನಪಿಗೆ ಬರಲಿಲ್ಲ.

ನಾನು ಕೂತು ಎರಡೂ ಕೈ ಚಾಚಿದೆ, ಬಾ ಅಂತ. ಅವನು ನನ್ನನ್ನು ನೋಡಿ ನಕ್ಕ. ನಕ್ಕು, ನನ್ನ ಕೈಯ ಪಕ್ಕದಲ್ಲೇ ಹಾದು ಮುಂದಕ್ಕೆ ಹೋದ.

ನಿನ್ನ ಅತ್ತಿಗೆ
ಸರೋಜ